ಶೀಟ್ ಮಾಡನ್ನು ಗಾಳಿ ಮೇಲಿನಿಂದಲೂ ಎಳೆಯುತ್ತದೆ

ಮಳೆಗಾಲ ಶುರುವಾದರೆ ಸಾಕು, ಕಾಸರಗೋಡಿನ ಮಂಜೇಶ್ವರ, ಉಪ್ಪಳ, ಬದಿಯಡ್ಕದ ಕಡೆಯಿಂದ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಹಾರಿಹೋದ ಶೀಟಿನ ವಿಷಯವೇ. "ಅಡಿಗೆ ಗಾಳಿ ನುಗ್ಗಿ ಎತ್ತಿ ಬಿಸಾಡಿತು" ಅನ್ನುತ್ತಾರೆ. ಅದು ಅರ್ಧ ನಿಜ. ಉಳಿದರ್ಧ ಕೆಲಸ ನಡೆದಿರುವುದು ಮಾಡಿನ, ಅಂದರೆ ಚಾವಣಿಯ, ಮೇಲುಗಡೆ.

ಕಡಲ ಕಡೆಯ ಗಾಳಿ ಗೋಡೆಗೆ ಬಡಿದು ಮೇಲಕ್ಕೆ ಹೊರಳುತ್ತದೆ. ಮಾಡಿನ ಅಂಚಿನಲ್ಲಿ ಥಟ್ಟನೆ ತಿರುಗಲಾಗದೆ ಶೀಟನ್ನು ಬಿಟ್ಟು ಮೇಲಿಂದ ಹಾಯುತ್ತದೆ. ಆ ತಿರುವಿನಲ್ಲಿ ಅದರ ವೇಗ ಏರಿ, ಶೀಟಿನ ಮೇಲ್ಮೈಯಲ್ಲಿ ಒತ್ತಡ ಇಳಿಯುತ್ತದೆ. ಕೆಳಗಿನ ಒತ್ತಡ ಮಾತ್ರ ಇಳಿಯುವುದಿಲ್ಲ. ಶೀಟು ಏಳುವುದು ಆಗಲೇ.

ವೇಗ ಮತ್ತು ಒತ್ತಡದ ಈ ನಂಟನ್ನು ಡೇನಿಯಲ್ ಬರ್ನೂಲಿ 1738ರಲ್ಲೇ ಬರೆದಿಟ್ಟ. ಆದರೆ "ಗಾಳಿ ಓಡಿದರೆ ಒತ್ತಡ ಕಮ್ಮಿ" ಅಂತ ಸುಮ್ನೆ ಬಾಯಿಪಾಠ ಮಾಡಿದರೆ ತಪ್ಪಾಗುತ್ತದೆ. ಫ್ಯಾನಿನಿಂದ ಬೀಸುವ ಗಾಳಿಯ ಒತ್ತಡ ಕೋಣೆಯ ಗಾಳಿಯದಕ್ಕಿಂತ ಹೇಳುವಷ್ಟು ಬೇರೆ ಇರುವುದಿಲ್ಲ. ಅದೇ ಹರಿವು ಇಕ್ಕಟ್ಟಿನಲ್ಲೋ ತಿರುವಿನಲ್ಲೋ ವೇಗ ಹೆಚ್ಚಿಸಿಕೊಂಡರೆ ಅಲ್ಲಿ ಒತ್ತಡ ಇಳಿದಿದೆ ಎಂದರ್ಥ. ಮುಂದೆ ಒತ್ತಡ ಕಮ್ಮಿ ಇರುವುದಕ್ಕೇ ಗಾಳಿ ಅತ್ತ ಜೋರಾಗಿ ಓಡುವುದು.

ಈ ಎಳೆತದ ಲೆಕ್ಕ ಸುಲಭ. ಸೆಕೆಂಡಿಗೆ ಎಷ್ಟು ಮೀಟರ್ ವೇಗವೋ ಅದರ ವರ್ಗವನ್ನು 0.6ರಿಂದ ಗುಣಿಸಿ. ಗಂಟೆಗೆ 54 ಕಿ.ಮೀ. ಅಂದರೆ ಸೆಕೆಂಡಿಗೆ 15 ಮೀಟರ್. ಚದರ ಮೀಟರಿಗೆ 135 ನ್ಯೂಟನ್, ಸುಮಾರು 14 ಕಿಲೋ ಭಾರದಷ್ಟು. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಶೀಟು ಅಷ್ಟೇ ಜಾಗಕ್ಕೆ 4ರಿಂದ 5 ಕಿಲೋ ತೂಗುತ್ತದೆ. ಗಾಳಿಯ ವೇಗ ದುಪ್ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಮೂಲೆಗಳಲ್ಲಿ ಇನ್ನೂ ಜಾಸ್ತಿ.

ಹಾರಿದ ಶೀಟನ್ನೊಮ್ಮೆ ತಿರುಗಿಸಿ ನೋಡಿ. ಎಷ್ಟೋ ಸಲ ಸ್ಕ್ರೂ ಶೀಟಿನ ಅಡಿಯ ಆಧಾರದ ಪೈಪಿನಲ್ಲೇ ಗಟ್ಟಿಯಾಗಿ ಕೂತಿರುತ್ತದೆ, ಶೀಟಿನ ತೂತು ಮಾತ್ರ ಹರಿದು ಅಗಲವಾಗಿರುತ್ತದೆ. ಒಂದೊಂದು ಬೀಸಿಗೂ ಶೀಟು ಎದ್ದು ಬಿದ್ದು ಸ್ಕ್ರೂವಿನ ತಲೆಯ ಸುತ್ತ ದಣಿದಿರುತ್ತದೆ. ಅದಕ್ಕೇ ನಡುವೆ ಹಾಕಿದ್ದಕ್ಕಿಂತ ಅಂಚು ಮತ್ತು ಮೂಲೆಗಳಲ್ಲಿ ಸ್ಕ್ರೂ ಹತ್ತಿರ ಹತ್ತಿರ ಇರಲಿ, ಅಗಲ ವಾಷರ್ ಇರಲಿ ಅಂತ ನಾನು ಹಟ ಹಿಡಿಯುವುದು. ಕಡಲ ಉಪ್ಪಿಗೆ ತುಕ್ಕು ಹಿಡಿದ ಸ್ಕ್ರೂವನ್ನು ಮುಂದಿನ ವರ್ಷಕ್ಕೆ ಬಿಡಬೇಡಿ.

ಹಳೆ ಹಂಚಿನ ಮಾಡು ಇಷ್ಟು ಸುಲಭವಾಗಿ ಏಳುವುದಿಲ್ಲ. ಚದರ ಮೀಟರಿಗೆ 30 ಕಿಲೋಗೂ ಜಾಸ್ತಿ ತೂಕ, ಇಳಿಜಾರೂ ಜಾಸ್ತಿ. ಹಂಚಿನ ಸಂದುಗಳಲ್ಲಿ ಗಾಳಿ ನುಸುಳಿ ಒಳಗಿನ ಮತ್ತು ಹೊರಗಿನ ಒತ್ತಡದ ಅಂತರ ಇಳಿಯುತ್ತದೆ. ಹಂಚು ಹೊರುವ ಮರದ ಪಕ್ಕಾಸು, ರೀಪು ಗಟ್ಟಿ ಇದ್ದರೆ ಅದನ್ನು ಕಿತ್ತು ಶೀಟ್ ಹಾಕಿಸಲು ಅವಸರ ಬೇಡ ಅನ್ನುವುದು ನನ್ನ ಅಭಿಪ್ರಾಯ.

ತಾರಸಿಯ ಮೇಲೆ ನಾಲ್ಕೂ ಕಡೆ ತೆರೆದ ಶೀಟ್ ಮಾಡಿಗೆ ಮೇಲಿನ ಎಳೆತ, ಕೆಳಗಿನ ಒತ್ತು ಎರಡೂ ಒಟ್ಟಿಗೆ. ಅಲ್ಲಿ ಶೀಟು ಹಿಡಿದರೆ ಸಾಲದು, ಕಂಬದ ಬುಡವೂ ಕಾಂಕ್ರೀಟಿನೊಳಗೆ ಬೋಲ್ಟ್ ಆಗಿರಬೇಕು. ಗೋಡೆ ಇರುವ ಶೆಡ್ಡಾದರೆ, ಜೋರು ಗಾಳಿಯ ಮುನ್ಸೂಚನೆ ಬಂದ ದಿನ ಪಡುವಣ ಬಾಗಿಲು, ಕಿಟಕಿಗಳನ್ನು ಮೊದಲು ಮುಚ್ಚಿ. ಅದೊಂದೇ ಕಡೆ ತೆರೆದಿದ್ದರೆ ಗಾಳಿ ಒಳಗೆ ತುಂಬಿ, ಶೀಟನ್ನು ಅಡಿಯಿಂದಲೂ ನೂಕುತ್ತದೆ.