ಎಳೆದು ನೋಡುವ ಕಾವಲು ಕೋಶಗಳು

ದೇಹದೊಳಗೆ ಹೊಕ್ಕ ಹೊರಗಿನ ವಸ್ತುಗಳನ್ನು ನುಂಗುವ ಕಾವಲು ಕೋಶಗಳಿಗೆ ಮ್ಯಾಕ್ರೊಫೇಜ್ ಎಂದು ಹೆಸರು. ಒಂದೇ ಬಗೆಯ ಮ್ಯಾಕ್ರೊಫೇಜ್ ಕೋಶಗಳನ್ನು ಎರಡು ಜೆಲ್‌ಗಳ ಮೇಲೆ ಬಿಟ್ಟು, ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡುವುದು ನನಗೆ ಈಗಲೂ ಬಲು ಇಷ್ಟದ ಕೆಲಸ. ಮೆತ್ತನೆಯ ಜೆಲ್ ಮೇಲಿನವು ದುಂಡಗೆ ಮುದುಡಿ ಕೂತಿರುತ್ತವೆ. ಗಟ್ಟಿ ಜೆಲ್ ಮೇಲಿನವು ಅಂಚು ಚಾಚಿ ಚಪ್ಪಟೆಯಾಗಿ ಹರಡಿರುತ್ತವೆ. ಎರಡೂ ಪಾಲಿಅಕ್ರಿಲಮೈಡ್ ಜೆಲ್‌ಗಳೇ. ಮೇಲೆ ಬಳಿದ ಪ್ರೋಟೀನೂ ಒಂದೇ. ಒಳಗಿನ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ರಾಸಾಯನಿಕ ಒಂದರಲ್ಲಿ ಕಡಿಮೆ, ಇನ್ನೊಂದರಲ್ಲಿ ಜಾಸ್ತಿ, ಅಷ್ಟೇ. ಅಂದರೆ ಬದಲಾಗಿದ್ದು ಗಡಸುತನ ಮಾತ್ರ.

ಕಣ್ಣಿಲ್ಲದ, ನರವಿಲ್ಲದ ಕೋಶಕ್ಕೆ ಇದು ಹೇಗೆ ಗೊತ್ತಾಗುತ್ತದೆ? ಎಳೆದು ನೋಡುವುದರಿಂದ. ಕೆಸರಿನಲ್ಲಿ ನೆಟ್ಟ ಗೂಟಕ್ಕೆ ಹಗ್ಗ ಕಟ್ಟಿ ಎಳೆದರೆ ಗೂಟವೇ ನಮ್ಮ ಕಡೆ ಬಾಗುತ್ತದೆ. ಗಟ್ಟಿ ನೆಲದ ಗೂಟವಾದರೆ ಹಗ್ಗ ಬಿಗಿಯುತ್ತದೆ, ಕೈಗೆ ಭಾರ ತಿಳಿಯುತ್ತದೆ. ಕೋಶದ ಹೊರಪದರದಲ್ಲಿರುವ ಇಂಟೆಗ್ರಿನ್ ಎಂಬ ಪ್ರೋಟೀನ್ ಇಲ್ಲಿ ಗೂಟ ಹಿಡಿಯುವ ಕೈ. ಒಳಗಿನ ಆಕ್ಟಿನ್ ಎಳೆಗಳೇ ಹಗ್ಗ, ಮಯೋಸಿನ್ ಎಳೆಯುವ ಆಳು. ನಡುವೆ ಟಾಲಿನ್ ಎಂಬ ಮಡಿಚಿದ ಪ್ರೋಟೀನ್ ಇದೆ. ಹಗ್ಗ ಸಾಕಷ್ಟು ಬಿಗಿಯಾದರೆ ಅದರ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ. ಬಿಚ್ಚಿದ ಜಾಗಕ್ಕೆ ಬೇರೆ ಪ್ರೋಟೀನ್‌ಗಳು ಬಂದು ಅಂಟಿ, ಹಿಡಿತ ಇನ್ನೂ ಬಲವಾಗುತ್ತದೆ. ಬಿಗಿತ ಅಲ್ಲಿಂದ ಒಳಕ್ಕೆ ಸಾಗಿದಂತೆ ಯಾಪ್ ಎಂಬ ಪ್ರೋಟೀನ್ ಕೋಶಕೇಂದ್ರ ಸೇರಿ, ಯಾವ ಜೀನ್ ಕೆಲಸ ಮಾಡಬೇಕು ಎಂಬುದನ್ನೇ ಬದಲಿಸುತ್ತದೆ.

ಇನ್ನೊಂದು ದಾರಿ ಪೀಝೋ1. ಹೊರಪದರ ಬಿಗಿದಾಗ ತೆರೆದುಕೊಂಡು ಕ್ಯಾಲ್ಸಿಯಂ ಒಳಬಿಡುವ ಬಾಗಿಲು ಇದು. 2010ರಲ್ಲಿ ಇದನ್ನು ಗುರುತಿಸಿದ್ದು ಆರ್ಡೆಮ್ ಪಟಪೂಟಿಯನ್ ಅವರ ತಂಡ. 2021ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲಿತ್ತು. ಮ್ಯಾಕ್ರೊಫೇಜ್‌ಗಳಲ್ಲೂ ಈ ಬಾಗಿಲಿದೆ.

ಇದೆಲ್ಲ ಬರೀ ಕುತೂಹಲದ ಮಾತಲ್ಲ. ಮಿದುಳಿನ ಗಡಸುತನ ಹೆಚ್ಚುಕಡಿಮೆ 1 ಕಿಲೋಪಾಸ್ಕಲ್. ನರಸಂಕೇತ ಅಳೆಯಲು ಅದರೊಳಗೆ ನಾವು ಇಳಿಸುವ ಸಿಲಿಕಾನ್ ಎಲೆಕ್ಟ್ರೋಡ್‌ನದು ನೂರು ಗಿಗಾಪಾಸ್ಕಲ್‌ಗೂ ಮೇಲೆ, ಅಂದರೆ ಹತ್ತು ಕೋಟಿ ಪಟ್ಟಿಗೂ ಜಾಸ್ತಿ! ಪ್ರತಿ ಉಸಿರಿಗೂ ನಾಡಿ ಬಡಿತಕ್ಕೂ ಮಿದುಳು ಕದಲುತ್ತದೆ, ಎಲೆಕ್ಟ್ರೋಡ್ ಬಾಗುವುದಿಲ್ಲ. ಉಜ್ಜಾಟ ನಿಲ್ಲುವುದೇ ಇಲ್ಲ. ದೇಹದ ಬೇರೆ ಕಡೆಯೂ ಕಥೆ ಇದೇ ಬಗೆಯದು. ದೇಹದೊಳಗೆ ಇಟ್ಟ, ನುಂಗಲಾಗದಷ್ಟು ದೊಡ್ಡ ಸಾಧನದ (ಇಂಪ್ಲಾಂಟ್) ಸುತ್ತ ಮ್ಯಾಕ್ರೊಫೇಜ್‌ಗಳು ಸೇರಿ, ಒಂದಕ್ಕೊಂದು ಬೆಸೆದು ದೈತ್ಯ ಕೋಶಗಳಾಗುತ್ತವೆ. ಆಮೇಲೆ ಕೊಲಾಜನ್ ಎಂಬ ನಾರಿನಂಥ ಪ್ರೋಟೀನಿನ ಗೋಡೆ ಏಳುತ್ತದೆ. ಚರ್ಮದಡಿಯ ಗ್ಲೂಕೋಸ್ ಸೆನ್ಸರ್ ಸುತ್ತ ಈ ಗೋಡೆ ದಪ್ಪವಾದರೆ ಗ್ಲೂಕೋಸ್ ಸರಿಯಾಗಿ ತಲುಪುವುದಿಲ್ಲ, ಅಳತೆ ತಪ್ಪುತ್ತದೆ. ‘ವಸ್ತುವಿನಿಂದ ವಿಷ ಸೋರುವುದಿಲ್ಲ ಅಲ್ವಾ, ಮತ್ತೇನು ತೊಂದರೆ?’ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಹಾಗಂತ ಗಟ್ಟಿಯಾದರೆ ಉರಿಯೂತ, ಮೆತ್ತಗಾದರೆ ಕ್ಷೇಮ ಎಂದು ಸುಮ್ನೆ ಸೂತ್ರ ಕಟ್ಟಲಾಗದು. ಆಕಾರ, ಗಾತ್ರ, ಮೇಲ್ಮೈಯ ಉಬ್ಬುತಗ್ಗು ಎಲ್ಲವೂ ಸೇರಿಕೊಳ್ಳುತ್ತವೆ. ನಿಜವಾದ ಅಂಗಾಂಶ ಎಳೆದಾಗ ಮೊದಲು ಬಿಗಿದು, ನಿಧಾನಕ್ಕೆ ಸಡಿಲಾಗುತ್ತದೆ. ಕೋಶಗಳಿಗೆ ಆ ಸಡಿಲಿಕೆಯೂ ತಿಳಿಯುತ್ತದೆ.

ಶುರುವಿನ ದಿನಗಳಲ್ಲಿ ನನಗೊಂದು ಪ್ರಯೋಗ ಕೈಕೊಟ್ಟಿತ್ತು. ಮೆತ್ತನೆಯ ಜೆಲ್ ಮೇಲೂ ಕೋಶಗಳು ಚಪ್ಪಟೆಯಾಗಿ ಹರಡಿಬಿಟ್ಟವು. ವಾರವಿಡೀ ಪ್ರೋಟೀನ್ ಲೇಪನವನ್ನೇ ಅನುಮಾನಿಸಿದೆ. ಕೊನೆಗೆ ಜೆಲ್ ದಪ್ಪ ಅಳೆದಾಗ ವಿಷಯ ತಿಳಿಯಿತು. ಒಂದು ಬದಿಯಲ್ಲಿ ಅದು ಬರೀ ಕೆಲವು ಮೈಕ್ರೋಮೀಟರ್ ಉಳಿದಿತ್ತು. ಕೋಶಗಳು ಜೆಲ್ ಅನ್ನು ದಾಟಿ ಕೆಳಗಿನ ಗಾಜನ್ನೇ ಎಳೆದು ನೋಡುತ್ತಿದ್ದವು. ದಪ್ಪ ಜೆಲ್ ಹಾಕಿದ ಮೇಲೆ ಮತ್ತೆ ದುಂಡಗೆ ಕೂತವು. ಈಗ ನಮ್ಮಲ್ಲಿ ಜೆಲ್ ನೀರು ಹೀರಿ ಉಬ್ಬಿದ ಮೇಲೆ ದಪ್ಪವನ್ನೂ ಗಡಸುತನವನ್ನೂ ಅಳೆದೇ ಕೋಶ ಬಿಡುತ್ತೇವೆ.