ಹುಳು ಸಾಯುತ್ತದೆ, ಸೊಳ್ಳೆ ಸಾಯುವುದಿಲ್ಲ

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಮೇಯಿಸುವ ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಲಿಕ್ವಿಡ್ ಮಶೀನು ಸಿಕ್ಕಿಸುವಂತಿಲ್ಲ. ಅದರಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಸೋಕಿದ ಹುಳು ತಲೆ ಆಡಿಸುತ್ತಾ, ರಸ ಕಾರಿ, ಮೈ ಮುದುಡಿಕೊಂಡು ಸಾಯುತ್ತದೆ. ಅದೇ ಹಿತ್ತಲಿನ ಡ್ರಮ್ಮಿನಲ್ಲಿ ಹುಟ್ಟಿದ ಸೊಳ್ಳೆ ಅದೇ ಔಷಧದ ನಡುವೆ ಹಾರಿಕೊಂಡಿರಬಲ್ಲದು.

ಔಷಧ ಎರಡರಲ್ಲೂ ತಟ್ಟುವುದು ಒಂದೇ ಜಾಗವನ್ನು. ನರದಲ್ಲಿ ಸೋಡಿಯಂ ಒಳಬಿಡುವ ಪುಟ್ಟ ಬಾಗಿಲುಗಳಿವೆ. ಅವು ಮುಚ್ಚದಂತೆ ಪೈರೆಥ್ರಾಯ್ಡ್ ಅಡ್ಡ ಕೂರುತ್ತದೆ, ನರ ಬಿಡುವಿಲ್ಲದೆ ಮಿಡಿದು ಕೀಟ ಉರುಳುತ್ತದೆ. ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಯಲ್ಲಿ ಆ ಬಾಗಿಲ ಪ್ರೋಟೀನಿನ 1534ನೇ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಔಷಧದ ಹಿಡಿತ ಸಡಿಲವಾಗುತ್ತದೆ. ಡಿಡಿಟಿ ಕೆಲಸ ಮಾಡುವುದೂ ಇದೇ ಬಾಗಿಲಲ್ಲಿ. ಹಾಗಾಗಿ ಒಂದನ್ನು ತಾಳಿದ ಸೊಳ್ಳೆ ಎಷ್ಟೋ ಸಲ ಇನ್ನೊಂದನ್ನೂ ತಾಳುತ್ತದೆ. ಬೇರೆ ಕೆಲವು ಸೊಳ್ಳೆಗಳು ಕಿಣ್ವಗಳನ್ನು ಹೆಚ್ಚಾಗಿ ತಯಾರಿಸಿ, ವಿಷ ನರ ಮುಟ್ಟುವ ಮೊದಲೇ ಅದನ್ನು ಒಡೆದುಹಾಕುತ್ತವೆ.

ರೇಷ್ಮೆಯ ಬಿತ್ತನೆ ಗೂಡನ್ನು ಔಷಧದ ಗಾಳಿ ತಾಗದಂತೆ ಬೆಳೆಸುತ್ತಾರೆ. ವಿಷದಲ್ಲಿ ಬದುಕಿದ ಹುಳುಗಳನ್ನೇ ಆರಿಸಿ ಯಾರೂ ತಳಿ ಮಾಡುವುದಿಲ್ಲ. ಸೊಳ್ಳೆಯ ವಿಷಯದಲ್ಲಿ ನಾವು ಮಾಡುತ್ತಿರುವುದು ಅದನ್ನೇ. ಶ್ರೀನಿವಾಸಪುರ, ಚಿಂತಾಮಣಿಯ ಟೊಮೆಟೊ ತೋಟಕ್ಕೆ ಹೊಡೆಯುವ ಲ್ಯಾಂಬ್ಡಾ ಸೈಹಲೋಥ್ರಿನ್ ಕೂಡ ಪೈರೆಥ್ರಾಯ್ಡೇ. ಅದು ಕಾಲುವೆಗೆ, ಹೊಂಡಕ್ಕೆ ಇಳಿದರೆ ಅಲ್ಲಿನ ಅನಾಫಿಲಿಸ್, ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಮರಿಗಳಲ್ಲೂ ಗಟ್ಟಿಯವು ಮಾತ್ರ ಉಳಿಯುತ್ತವೆ.

ಯಾವ ಔಷಧ ನಾಟುತ್ತದೆ ಎಂದು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯ ಕೊಳವೆ ಪರೀಕ್ಷೆ ಇದೆ. ಊರಿನಿಂದ ಮರಿಗಳನ್ನು ತಂದು ಸಾಕಿ, ಮೂರರಿಂದ ಐದು ದಿನದ, ಇನ್ನೂ ರಕ್ತ ಹೀರದ ಹೆಣ್ಣು ಸೊಳ್ಳೆಗಳನ್ನು ಆರಿಸುತ್ತಾರೆ. ಔಷಧ ಸವರಿದ ಕಾಗದ ಸುತ್ತಿದ ಕೊಳವೆಯೊಳಗೆ ಇಪ್ಪತ್ತರಿಂದ ಇಪ್ಪತ್ತೈದನ್ನು ಒಂದು ಗಂಟೆ ಬಿಟ್ಟು, ಆಮೇಲೆ ಶುದ್ಧ ಕೊಳವೆಗೆ ದಾಟಿಸಿ, ಸಕ್ಕರೆ ನೀರಿನ ಹತ್ತಿ ಇಟ್ಟು, 24 ಗಂಟೆಯ ನಂತರ ಎಣಿಸುತ್ತಾರೆ. ನೂರಕ್ಕೆ 98 ಅಥವಾ ಹೆಚ್ಚು ಸತ್ತರೆ ಔಷಧ ನಾಟುತ್ತಿದೆ. 90ಕ್ಕಿಂತ ಕಡಿಮೆಯಾದರೆ ನಿರೋಧಕತೆ ಖಚಿತ. ನಡುವಿನದ್ದಾದರೆ ಮತ್ತೆ ಪರೀಕ್ಷಿಸಬೇಕು. ಹೋಲಿಕೆಗೆಂದು ಪಕ್ಕದಲ್ಲಿಟ್ಟ, ಔಷಧವಿಲ್ಲದ ಕೊಳವೆಯಲ್ಲೇ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಸತ್ತಿದ್ದರೆ ಇಡೀ ಲೆಕ್ಕ ಕಸದ ಬುಟ್ಟಿಗೆ. ಸೆಕೆಗೆ, ಒಣ ಹವೆಗೆ ಸತ್ತವನ್ನು ಔಷಧದ ಖಾತೆಗೆ ಬರೆದುಬಿಡುವುದು ಇಲ್ಲಿ ಸುಲಭವಾಗಿ ಆಗುವ ತಪ್ಪು. ಈ ಪರೀಕ್ಷೆ ಮಾಡದೆ ವರ್ಷವರ್ಷವೂ ಅದೇ ಔಷಧ ಹೊಡೆಯುವುದು ದುಡ್ಡಿನ ನಷ್ಟ ಮಾತ್ರವಲ್ಲ, ಕೆಡುಕಿಗೆ ನೀರೆರೆದಂತೆ.

ಫಾಗಿಂಗ್ ಗಾಡಿ ಬಂದಾಗ ಜನ ಬಾಗಿಲು ಮುಚ್ಚುತ್ತಾರೆ. ಈಡಿಸ್ ಇರುವುದು ಒಳಗೆ, ಮಂಚದಡಿ, ತೂಗುಹಾಕಿದ ಬಟ್ಟೆಯ ಹಿಂದೆ. ಹೊಗೆ ನೀರಿನೊಳಗಿನ ಮರಿಯನ್ನಂತೂ ಮುಟ್ಟುವುದಿಲ್ಲ. ಮರಿಗೆಂದು ಆರೋಗ್ಯ ಸಿಬ್ಬಂದಿ ಹಾಕುವ ಟೆಮಿಫಾಸ್ ಲೀಟರಿಗೆ 1 ಮಿಲಿಗ್ರಾಂ ಇರಬೇಕು. 200 ಲೀಟರಿನ ಡ್ರಮ್ಮಿಗೆ ಶೇ 1ರ ಹರಳು 20 ಗ್ರಾಂ. ಕಣ್ಣಳತೆಯಲ್ಲಿ ಚಿಟಿಕೆ ಉದುರಿಸಿದರೆ ಅರ್ಧಂಬರ್ಧ ತಾಳಿಕೆಯ ಮರಿಗಳೂ ಪಾರಾಗುತ್ತವೆ.

ನಲ್ಲಿ ನೀರು ದಿನಬಿಟ್ಟು ದಿನವೂ ಬಾರದ ಬೀದಿಗಳಲ್ಲಿ ಡ್ರಮ್ಮು, ತೊಟ್ಟಿ ಪೂರ್ತಿ ಖಾಲಿಯಾಗುವುದೇ ಇಲ್ಲ. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗೆ ತುಸು ಮೇಲೆ, ಗೋಡೆಗೆ ಅಂಟಿಸಿ. ಎಳ್ಳಿಗಿಂತ ಸಣ್ಣ ಕಪ್ಪು ಚುಕ್ಕಿಗಳು. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ನೀರು ಮುಟ್ಟಿದರೆ ಒಡೆಯುತ್ತವೆ. ಬರಿದೆ ನೀರು ಚೆಲ್ಲಿದರೆ ಸಾಲದು. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಿ, ತೊಳೆದ ನೀರನ್ನು ಒಣನೆಲಕ್ಕೆ ಚೆಲ್ಲಿ, ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಬೇಕು. ಇದನ್ನು ತಾಳುವ ಸೊಳ್ಳೆ ಹುಟ್ಟಿಲ್ಲ.

ತೊಳೆಯಲಾಗದ ಹೊಂಡಕ್ಕೆ ಬಿಟಿಐ ಎಂಬ ಪುಡಿ ಇದೆ, ಬಿಟಿ (ಬ್ಯಾಸಿಲಸ್ ತುರಿಂಜಿಯೆನ್ಸಿಸ್) ಎಂಬ ಬ್ಯಾಕ್ಟೀರಿಯಾದ ಒಂದು ಬಗೆ. ಅದರಲ್ಲಿ ನಾಲ್ಕು ಬಗೆಯ ವಿಷ ಒಟ್ಟಿಗೆ ಇರುವುದರಿಂದ ನಿರೋಧಕತೆ ಬೆಳೆಯುವುದು ಕಷ್ಟ. ಹುಳು ಮೇಯಿಸುವವರು ಮಾತ್ರ ಲೇಬಲ್ಲನ್ನು ಪೂರ್ತಿ ಓದಬೇಕು. ‘ಇಸ್ರೇಲೆನ್ಸಿಸ್’ ಎಂದಿದ್ದರೆ ಅದು ಸೊಳ್ಳೆ ಮರಿಯದು, ರೇಷ್ಮೆ ಹುಳುವಿಗೆ ತೊಂದರೆಯಿಲ್ಲ. ‘ಕುರ್ಸ್ಟಾಕಿ’ ಎಂದಿದ್ದರೆ ಅದು ಬಿಟಿಯದೇ ಇನ್ನೊಂದು ಬಗೆ, ಟೊಮೆಟೊ ಕಾಯಿಕೊರಕಕ್ಕೆ ಹೊಡೆಯುವಂಥದ್ದು, ಹಿಪ್ಪುನೇರಳೆ ಸೊಪ್ಪಿಗೆ ಹಾರಿದರೆ ಬೆಳೆ ಹೋದಂತೆಯೇ. ಬಿಟಿ ಬ್ಯಾಕ್ಟೀರಿಯಾ ಮೊಟ್ಟಮೊದಲು ಕಣ್ಣಿಗೆ ಬಿದ್ದದ್ದೇ 1901ರಲ್ಲಿ, ಜಪಾನಿನಲ್ಲಿ, ಸಾಯುತ್ತಿದ್ದ ರೇಷ್ಮೆ ಹುಳುಗಳಲ್ಲಿ.