ವೀರ್ಯ ನೀರಾಗುವ ಆ ಅರ್ಧ ಗಂಟೆ

ಮಕ್ಕಳಾಗಿಲ್ಲ ಅಂತ ಪರೀಕ್ಷೆಗೆ ಬಂದವರ ವೀರ್ಯವನ್ನು ಲ್ಯಾಬ್‌ನವರು ಕೂಡಲೇ ಮೈಕ್ರೋಸ್ಕೋಪ್ ಕೆಳಗೆ ಇಡುವುದಿಲ್ಲ. ಡಬ್ಬಿಯ ಮೇಲೆ ಸಮಯ ಬರೆದು, ಮೈಬಿಸಿಯಷ್ಟೇ ಶಾಖದಲ್ಲಿ, ಅಂದರೆ 37 ಡಿಗ್ರಿಯಲ್ಲಿ ಇಟ್ಟು ಕಾಯುತ್ತಾರೆ. ಆಗ ಡಬ್ಬಿ ವಾಲಿಸಿದರೆ ವೀರ್ಯ ಲೋಳೆಮುದ್ದೆಯ ಹಾಗೆ ಒಟ್ಟಿಗೇ ಜಾರುತ್ತದೆ. ಕಾಲು ಗಂಟೆ, ಅರ್ಧ ಗಂಟೆ ಬಿಟ್ಟು ಪಿಪೆಟ್‌ನಲ್ಲಿ ಎತ್ತಿ ಬಿಟ್ಟರೆ ಹನಿಹನಿಯಾಗಿ ಬೀಳುತ್ತದೆ. ಹೊರಗಿನಿಂದ ಯಾರೂ ಏನೂ ಬೆರೆಸಿರುವುದಿಲ್ಲ.

ನಮ್ಮಲ್ಲಿ ಎಷ್ಟೋ ಹುಡುಗರು ಇದನ್ನೇ ನೋಡಿ ಹೆದರುತ್ತಾರೆ. "ನೀರಾಗಿದೆ ಡಾಕ್ಟ್ರೇ, ಶಕ್ತಿಯೆಲ್ಲ ಹೋಯ್ತು" ಅನ್ನುತ್ತಾರೆ. ಗೋಡೆ ಮೇಲಿನ ಧಾತು ದೌರ್ಬಲ್ಯದ ಜಾಹೀರಾತು ನಂಬಿ ದುಡ್ಡು ಕಳೆದುಕೊಳ್ಳುತ್ತಾರೆ. ನನಗೆ ನಿಜಕ್ಕೂ ಸಂಕಟವಾಗುವ ವಿಷಯ ಇದು. ಯಾಕೆಂದರೆ ನೀರಾಗುವುದು ರೋಗವಲ್ಲ. ಕೆಲವು ಪ್ರೋಟೀನ್‌ಗಳು ಲೆಕ್ಕ ಹಾಕಿದ ಹಾಗೆ ಮಾಡಿ ಮುಗಿಸುವ ಕೆಲಸ ಅದು.

ವೀರ್ಯ ಒಂದೇ ಕಡೆಯಿಂದ ಬರುವುದಿಲ್ಲ. ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ವೀರ್ಯಕೋಶ ಅನ್ನುವ ಗ್ರಂಥಿಗಳ ರಸ. ಉಳಿದದ್ದರಲ್ಲಿ ಬಹುಪಾಲು ಪ್ರಾಸ್ಟೇಟ್ ಗ್ರಂಥಿಯದು. ವೀರ್ಯಾಣುಗಳ ಪಾಲು ತೀರಾ ಸ್ವಲ್ಪ. ವೀರ್ಯಕೋಶದ ರಸದಲ್ಲಿ ಜಾಸ್ತಿ ಇರುವ ಪ್ರೋಟೀನಿನ ಹೆಸರು ಸೆಮೆನೊಜೆಲಿನ್. ಪ್ರಾಸ್ಟೇಟ್ ರಸದಲ್ಲಿ ಪಿಎಸ್‌ಎ ಅನ್ನುವ ಕಿಣ್ವ ಇದೆ, ಜೊತೆಗೆ ಬೇಕಾದಷ್ಟು ಸತು ಇದೆ. ರಕ್ತದ ದ್ರವದಲ್ಲಿ ಇರುವುದಕ್ಕಿಂತ ನೂರು ಪಟ್ಟಿಗೂ ಮೀರಿದ ಸತು ವೀರ್ಯದಲ್ಲಿರುತ್ತದೆ.

ಪಿಎಸ್‌ಎ ಒಂದು ಕತ್ತಿ. ಪ್ರೋಟೀನ್ ಕತ್ತರಿಸುವುದೇ ಅದರ ಕೆಲಸ. ಆದರೆ ಪ್ರಾಸ್ಟೇಟ್ ಒಳಗೆ ಸತುವಿನ ಅಯಾನುಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಅಲ್ಲಿಯವರೆಗೆ ಅದು ಮಡಚಿಟ್ಟ ಈಳಿಗೆಯ ಹಾಗೆ ಸುಮ್ನೆ ಇರುತ್ತದೆ. ಸ್ಖಲನದ ಹೊತ್ತಿಗೆ ಎರಡು ರಸಗಳೂ ಸೇರುತ್ತವೆ. ಸೆಮೆನೊಜೆಲಿನ್‌ಗೆ ಸತುವಿನ ಮೇಲೆ ತುಂಬಾ ಸೆಳೆತ. ಅದರ ಒಂದೊಂದು ಅಣುವೂ ಹತ್ತರಷ್ಟು ಸತುವಿನ ಅಯಾನುಗಳನ್ನು ಹಿಡಿದುಕೊಳ್ಳಬಲ್ಲದು. ಹಾಗೆ ಹಿಡಿದುಕೊಳ್ಳುತ್ತಲೇ ಅದರ ಎಳೆಗಳು ಆರಿದ ಶ್ಯಾವಿಗೆಯಂತೆ ಒಂದಕ್ಕೊಂದು ಅಂಟಿ ಬಲೆಯಾಗುತ್ತವೆ. ವೀರ್ಯಾಣುಗಳು ಆ ಬಲೆಯೊಳಗೆ ಸಿಕ್ಕಿಕೊಳ್ಳುತ್ತವೆ.

ಇಲ್ಲೇ ಇರುವುದು ಸೊಗಸು. ಸತುವೆಲ್ಲ ಸೆಮೆನೊಜೆಲಿನ್ ಪಾಲಾಯಿತು ಅಂದರೆ ಪಿಎಸ್‌ಎಯನ್ನು ತಡೆದು ನಿಲ್ಲಿಸುವವರು ಯಾರೂ ಇಲ್ಲ. ಈಳಿಗೆ ಬಿಚ್ಚಿಕೊಂಡಿತು. ಅದು ಮೊದಲು ಕತ್ತರಿಸುವುದೂ ಸೆಮೆನೊಜೆಲಿನ್ನನ್ನೇ. ಬಲೆ ಹೆಣೆದ ಪ್ರೋಟೀನೇ ಬಲೆ ಕತ್ತರಿಸುವ ಕಿಣ್ವವನ್ನು ಎಬ್ಬಿಸಿರುತ್ತದೆ! ವೀರ್ಯಕೋಶದ ಈ ಮುಖ್ಯ ಪ್ರೋಟೀನನ್ನು ತುಂಡರಿಸುವುದು ಪ್ರಾಸ್ಟೇಟಿನ ಕಿಣ್ವ ಅಂತ ಸ್ವೀಡನ್ನಿನ ಹಾನ್ಸ್ ಲಿಲ್ಯಾ 1985ರಲ್ಲಿ ತೋರಿಸಿದರು. ಒಂದು ಗಂಟೆಯಾದರೂ ಮುದ್ದೆ ಕರಗದಿದ್ದರೆ ಮಾತ್ರ ಲ್ಯಾಬ್‌ನವರು ಅದನ್ನು ರಿಪೋರ್ಟ್‌ನಲ್ಲಿ ಬರೆಯುತ್ತಾರೆ. ಗಟ್ಟಿ, ತೆಳು ಅಂತ ಬರಿಗಣ್ಣಲ್ಲಿ ನೋಡಿ ವೀರ್ಯಾಣು ಎಷ್ಟಿವೆ ಅಂತ ಹೇಳಲಿಕ್ಕೆ ಆಗುವುದೇ ಇಲ್ಲ.

ವಯಸ್ಸಾದ ಗಂಡಸರ ರಕ್ತಪರೀಕ್ಷೆಯಲ್ಲಿ ಕಾಣುವ ಪಿಎಸ್‌ಎ ಕೂಡ ಇದೇ. ರಕ್ತಕ್ಕೆ ನುಸುಳಿದ ಪಿಎಸ್‌ಎಯನ್ನು ಅಲ್ಲಿನ ಬೇರೆ ಪ್ರೋಟೀನ್‌ಗಳು ಹಿಡಿದು ಕಟ್ಟಿಹಾಕುತ್ತವೆ. ರಿಪೋರ್ಟ್‌ನಲ್ಲಿ ಟೋಟಲ್ (ಒಟ್ಟು), ಫ್ರೀ (ಕಟ್ಟಿಗೆ ಸಿಗದೆ ಉಳಿದದ್ದು) ಅಂತ ಎರಡು ಸಾಲು ಇರುವುದು ಅದಕ್ಕೇ.

ಸೆಮೆನೊಜೆಲಿನ್ ಅಂಟುವುದು ಸತುವಿಗೆ ಮಾತ್ರವಲ್ಲ. ವೀರ್ಯಾಣುವಿನ ಮೈಮೇಲೆ ಎಪ್ಪಿನ್ ಅನ್ನುವ ಪ್ರೋಟೀನ್ ಇದೆ. ಸೆಮೆನೊಜೆಲಿನ್ ಬಂದು ಅದಕ್ಕೆ ಅಂಟಿದರೆ ವೀರ್ಯಾಣುವಿನ ಓಟ ನಿಲ್ಲುತ್ತದೆ. ಪಿಎಸ್‌ಎ ಸೆಮೆನೊಜೆಲಿನ್ನನ್ನು ಕತ್ತರಿಸಿದ ಮೇಲೆ ಮತ್ತೆ ಓಟ ಶುರು. ಅಂದರೆ ಬಲೆಯೂ ಒಂದೇ ಏಟಿಗೆ ಹರಿಯುತ್ತದೆ, ಕಾಲಿನ ಕಟ್ಟೂ ಬಿಚ್ಚುತ್ತದೆ.

ಹಾಗಾದರೆ ಆ ಕಟ್ಟು ಬಿಚ್ಚದ ಹಾಗೆ ಮಾಡಿದರೆ? ಗಂಡಸರಿಗೂ ಒಂದು ಗರ್ಭನಿರೋಧಕ ಸಿಗಬಹುದಲ್ವಾ? ಗರ್ಭ ತಡೆಯುವ ಭಾರವನ್ನೆಲ್ಲ ಹೆಂಗಸರೇ ಹೊರುತ್ತಿರುವಾಗ ಈ ಪ್ರಶ್ನೆ ಸಣ್ಣದಲ್ಲ. ಅಮೆರಿಕದ ಉತ್ತರ ಕೆರೊಲಿನಾದ ಮೈಕೆಲ್ ಒರ‍್ಯಾಂಡ್ ತಂಡ ಇದರ ಬೆನ್ನುಹತ್ತಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಅವರ ಜೊತೆಗಿದ್ದರು. ನಮ್ಮೂರ ದೇವಸ್ಥಾನಗಳ ಹತ್ತಿರ ಬಾಳೆಹಣ್ಣು ಕಸಿಯುವ ಕೋತಿ ಇದೆಯಲ್ಲ, ಅದೇ ಜಾತಿಯ 9 ಗಂಡು ಕೋತಿಗಳಿಗೆ ಎಪ್ಪಿನ್ ಚುಚ್ಚಿ, ಅವುಗಳ ಮೈ ಅದರ ವಿರುದ್ಧ ಪ್ರತಿಕಾಯ (ಆ್ಯಂಟಿಬಾಡಿ) ತಯಾರಿಸುವಂತೆ ಮಾಡಿದರು. 7 ಕೋತಿಗಳಲ್ಲಿ ಪ್ರತಿಕಾಯ ಚೆನ್ನಾಗಿ ಏರಿತು. ಆ ಏಳರಿಂದಲೂ ಮರಿ ಆಗಲಿಲ್ಲ. ಚುಚ್ಚುಮದ್ದು ನಿಲ್ಲಿಸಿದ ಮೇಲೆ 5 ಕೋತಿಗಳು ಮೊದಲಿನಂತಾದವು. ಇದು 2004ರಲ್ಲಿ ಪ್ರಕಟವಾಯಿತು.

ಉಳಿದ ಎರಡು ಮೊದಲಿನಂತಾಗಲಿಲ್ಲ ಅನ್ನುವುದನ್ನು ಮರೆಯುವ ಹಾಗಿಲ್ಲ. ಪ್ರತಿಕಾಯವನ್ನು ಬೇಕೆಂದಾಗ ವಾಪಸ್ ತೆಗೆಯಲಾಗದು. ಅದಕ್ಕೇ ತಂಡ ಸಣ್ಣ ಅಣುವಿನ ಔಷಧದ ಕಡೆ ಹೊರಳಿತು. ಇಪಿ055 ಅನ್ನುವ ಆ ಅಣು ಎಪ್ಪಿನ್ ಮೇಲೆ ಸೆಮೆನೊಜೆಲಿನ್ ಕೂರುವ ಜಾಗದಲ್ಲೇ ಹೋಗಿ ಕೂರುತ್ತದೆ. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದನ್ನು ರೀಸಸ್ ಕೋತಿಗಳಿಗೆ ಕೊಟ್ಟರು. ಜಾಸ್ತಿ ಡೋಸ್ ಕೊಟ್ಟು 30 ಗಂಟೆಯಾದ ಮೇಲೆ ನೋಡಿದರೆ ವೀರ್ಯಾಣುಗಳಲ್ಲಿ ಸಹಜ ಓಟ ಇರಲಿಲ್ಲ. 18 ದಿನ ಕಳೆಯುವುದರೊಳಗೆ ಎಲ್ಲ ಕೋತಿಗಳಲ್ಲೂ ಅವು ಮತ್ತೆ ಓಡುತ್ತಿದ್ದವು.